ಹಾಡಿನ ಅಡಿಗೆ ಹೋದ ಹರವಿ

ಖಾನಾಪುರದ ಗುರುಪಾದಪ್ಪನವರ ವಚನ ಗಾಯನವನ್ನು ಒಂದು ವಾಹಿನಿಯವರು ಚಿತ್ರೀಕರಿಸಿಕೊಂಡು ಹೋಗಿದ್ದರು. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ, ಒಂದೇ ಸಲ ಪ್ರಸಾರ. ಆದರೆ ಅದೇ ಹೊತ್ತಿಗೆ ಅವರು ಬೆಳಗಾವಿಯ ಒಂದು ಗೃಹಪ್ರವೇಶದಲ್ಲಿ ಹಾಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದರು. ಮೊಬೈಲನ್ನು ಟಿವಿಯ ಮುಂದೆ ಹಚ್ಚಿಟ್ಟು ಹೋಗೋಣವೆಂದು ಪರೀಕ್ಷಿಸಿದರೆ ಬರೀ ಗೆರೆಗಳು. ಕೊನೆಗೆ ಅಟ್ಟದಿಂದ ವಿಸಿಆರ್ ಇಳಿಸಿ, ಬೆಳಗಾವಿಯಲ್ಲಿದ್ದ ಸೋದರಸೊಸೆ ಸಮೃದ್ಧಿಗೆ ಫೋನು ಮಾಡಿದರು.

ಸಮೃದ್ಧಿ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಅಚ್ಚಿನ ಉಸುಕು ಪರೀಕ್ಷಿಸುವ ಕೆಲಸದವಳು. ಉಸುಕಿನಲ್ಲಿ ಜೇಡಿ ಎಷ್ಟು, ನೀರು ಎಷ್ಟು ಎಂದು ದಿನವಿಡೀ ತೂಗುವುದೇ ಅವಳ ಉದ್ಯೋಗ. ಯಾವ ಯಂತ್ರ ಕಂಡರೂ ಬಿಚ್ಚಿ ನೋಡಬೇಕೆನ್ನುವ ಸ್ವಭಾವ. ಭಾನುವಾರದ ಬೆಳಗಿನ ಬಸ್ಸಿಗೇ ಬಂದಳು.

"ಇದು ಇನ್ನೂ ನಡೀತದೇನ ಮಾಮಾ?"

"ನೀ ಬಂದೀಯಲ್ಲವಾ, ನಡೀತದ."

ವಿಸಿಆರಿನ ರಬ್ಬರ್ ಚಕ್ರ ಒರೆಸಿ, ಡಿಶ್ ಪೆಟ್ಟಿಗೆಯ ಹಳದಿ, ಕೆಂಪು, ಬಿಳಿ ತಂತಿಗಳನ್ನು ಅದಕ್ಕೆ ಚುಚ್ಚಿದಳು. ಬುಧವಾರ ಎರಡು ಗಂಟೆಗೆ ತಾನೇ ರೆಕಾರ್ಡ್ ಆಗುವಂತೆ ಟೈಮರ್ ಹಚ್ಚಿದಳು. ಅದು ವಿಸಿಆರನ್ನು ಮಾತ್ರ ಎಬ್ಬಿಸುತ್ತದೆ, ಡಿಶ್ಶಿನ ಚಾನೆಲ್ ಬದಲಿಸುವುದಿಲ್ಲ. ಹಾಗಾಗಿ ಬುಧವಾರ ಮನೆ ಬಿಡುವಾಗ ಪೆಟ್ಟಿಗೆಯನ್ನು ಅದೇ ಚಾನೆಲ್ಲಿನಲ್ಲಿ ಹಚ್ಚಿಟ್ಟು ಹೋಗಬೇಕೆಂದು ಮಾವನಿಗೆ ಎರಡೆರಡು ಸಲ ಹೇಳಿದಳು.

ಕ್ಯಾಸೆಟ್ಟುಗಳು ಪಕ್ಕದ ಮನೆಯ ಅವಧೂತರವು. ಅವರು ಮದುವೆಗಳ ವಿಡಿಯೋ ತೆಗೆಯುತ್ತಿದ್ದವರು. ಅಂಗಡಿ ಮುಚ್ಚುವಾಗ ಒಂದು ಚೀಲದ ತುಂಬ ಕೊಟ್ಟಿದ್ದರು. ಹೆಚ್ಚಿನವಕ್ಕೆ ಬೂಷ್ಟು ಹಿಡಿದಿತ್ತು. ಚೊಕ್ಕಟವಾಗಿದ್ದದ್ದು ಒಂದೇ, ಆದರೆ ಇದ್ದದ್ದನ್ನು ಅಳಿಸಿ ಮೇಲೆ ರೆಕಾರ್ಡ್ ಮಾಡಬಾರದೆಂದು ಅದರ ಅಂಚಿನ ಪ್ಲಾಸ್ಟಿಕ್ ಹಲ್ಲನ್ನು ಯಾರೋ ಮುರಿದಿದ್ದರು. ಸಮೃದ್ಧಿ ಅದನ್ನು ಒಂದು ನಿಮಿಷ ಹಾಕಿ ನೋಡಿದಳು. ಬರೀ ಚುಕ್ಕಿಗಳು. ಖಾಲಿ ಎಂದುಕೊಂಡು ಮುರಿದ ಜಾಗಕ್ಕೆ ಅಂಟುವ ಟೇಪು ಹಚ್ಚಿ, ಮತ್ತೆ ರೆಕಾರ್ಡ್ ಆಗುವಂತೆ ಮಾಡಿದಳು.

ಮುಂದಿನ ಭಾನುವಾರ ಇಬ್ಬರೂ ಟಿವಿಯ ಮುಂದೆ ಕುಳಿತರು. ಗುರುಪಾದಪ್ಪನವರು ಪರದೆಯ ಮೇಲೆ ಕಣ್ಣು ಮುಚ್ಚಿ ಹಾಡಿದರು, ಕುರ್ಚಿಯಲ್ಲಿ ಕಣ್ಣು ಬಿಟ್ಟು ಕೇಳಿದರು. ಇಪ್ಪತ್ತು ನಿಮಿಷಕ್ಕೆ ಮೂರನೆಯ ವಚನದ ನಡುವೆ ಚಿತ್ರ ಮುರಿಯಿತು.

"ಅವತ್ತ ರೆಕಾರ್ಡ್ ಆಗೂ ಮುಂದ ಕರೆಂಟ್ ಹೋಗೇತಿ," ಎಂದಳು ಸಮೃದ್ಧಿ. ನಿಲ್ಲಿಸಲು ಕೈ ಚಾಚಿದವಳು ಹಾಗೇ ಉಳಿದಳು.

ಪರದೆಯ ಮೇಲೆ ಒಬ್ಬ ಹೆಂಗಸು. ಅವಳ ಮುಂದೆ ನೀರು ತುಂಬಿಡುವ, ಸೊಂಟದೆತ್ತರದ ಹಸಿ ಮಣ್ಣಿನ ಹರವಿ. ಗಡಿಗೆ ತಿರುಗಿಸುವ ತಿಗರಿ ಇಲ್ಲ. ಒಳಗೊಂದು ದುಂಡು ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ಬಡಿಯುತ್ತ, ತಾನೇ ಹರವಿಯ ಸುತ್ತ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದಳು. ಮೂಲೆಯಲ್ಲಿ ತೊಂಬತ್ತಾರನೆಯ ಇಸವಿಯ ಒಂದು ತಾರೀಖು.

"ಯಾರೀಕಿ?" ಎಂದರು ಗುರುಪಾದಪ್ಪ. ತಮ್ಮ ಹಾಡು ಅರ್ಧಕ್ಕೆ ನಿಂತದ್ದನ್ನು ಅವರು ಮರೆತೇಬಿಟ್ಟಿದ್ದರು.

ಅವಧೂತರನ್ನು ಕರೆತಂದರು. ಅವರು ನಿಂತಲ್ಲೇ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಅರೇ ದೇವಾ! ನನ್ನ ಮೊದಲನೇ ಕ್ಯಾಮೆರಾದಾಗ ತಗದದ್ದು. ನಂದಗಡದ ಕುಂಬಾರ ಬಸವಣ್ಣೆವ್ವ. ಖರೇ ಅಂದ್ರ ಈ ಕ್ಯಾಸೆಟ್ಟಿನ ಹಲ್ಲ ಮುರದಾಂವ ನಾನ. ನೋಡದ ಚೀಲದಾಗ ಹಾಕಿಬಿಟ್ಟೀನಿ."

ಬಸವಣ್ಣೆವ್ವ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳು ಸಂಗವ್ವ ನಂದಗಡದ ಸಂತೆಯಲ್ಲಿ ಗಡಿಗೆ ಮಾರುತ್ತಾಳೆಂದು ಅವಧೂತರೇ ಹೇಳಿದರು. ಸಂತೆಯ ದಿನ ಸಮೃದ್ಧಿ ರಜೆ ಹಾಕಿ ಹೋಗಿ, ಅವಳನ್ನು ಹುಡುಕಿ ಕರೆತಂದಳು.

ಸಂಗವ್ವ ಅಳಲಿಲ್ಲ. ಪರದೆಗೆ ಒಂದು ಗೇಣು ದೂರ ಕುಳಿತು ತಾಯಿಯ ಕೈಯನ್ನಷ್ಟೇ ನೋಡಿದಳು.

"ಹಿಂದಕ್ಕ ಒಯ್ಯವಾ. ಹಾಂ, ಅಲ್ಲೇ. ಹೆಬ್ಬಟ್ಟ ಎಲ್ಲಿ ಇಟ್ಟಾಳ ನೋಡ್ರಿ! ನಾ ಇಷ್ಟ ದಿನಾ ತಪ್ಪ ಹಿಡೀತಿದ್ನಿ." ಐದಾರು ಸಲ ತಿರುಗಿಸಿ ನೋಡಿದ ಮೇಲೆ ಕೇಳಿದಳು: "ಮಣ್ಣ ಕಲಸೂದು ಎಲ್ಲೈತಿ? ನನ್ನ ದೊಡ್ಡ ಹರವಿ ಎಲ್ಲಾ ಒಣಗೂ ಮುಂದ ಸೀಳತಾವ. ಅವ್ವ ಮಣ್ಣಿನಾಗ ಏನೋ ಹಾಕತಿದ್ಲು. ನಾ ಅದನ್ನ ಕಲಿಯೂ ಮೊದಲ ಹೋದ್ಲು."

ಅವಧೂತರು ನೆಲ ನೋಡಿದರು. "ಈ ಕ್ಯಾಸೆಟ್ಟಿನಾಗ ಮೊದಲ ಅದರ ಚಿತ್ರಾನ ತಗದಿದ್ದೆ."

ಗುರುಪಾದಪ್ಪನವರ ಮುಖ ಸಣ್ಣದಾಯಿತು. "ಅದರ ಮ್ಯಾಲ ನಾ ಹಾಡೀನಿ ತಂಗಿ," ಎಂದರು.

"ನೀವಲ್ಲ ಮಾಮಾ, ಮುಂದ ಓಡಿಸಿ ನೋಡದ ಟೇಪ್ ಹಚ್ಚಿದಾಕಿ ನಾನು," ಎಂದಳು ಸಮೃದ್ಧಿ.

ಸುಮ್ಮನೆ ಕೂರಲು ಆಗದೆ ಅವಳು ಉಳಿದ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡತೊಡಗಿದಳು. ಒಂದು ಕಡೆ ಕ್ಯಾಮೆರಾ ಪಕ್ಕಕ್ಕೆ ಸರಿದಿತ್ತು. ಅಲುಗುವ ಗೆರೆಗಳ ಹಿಂದೆ, ಗೋಡೆಯ ಬುಡದಲ್ಲಿ ಒಂದು ಬೂದು ಗುಪ್ಪೆ, ಅದರ ಮೇಲೆ ಜರಡಿ.

"ಇದು ಉಸುಕಲ್ಲ," ಎಂದಳು. "ಉಸುಕಿನ ಗುಪ್ಪಿ ಹಿಂಗ ಚೂಪಾಗಿ ನಿಂದರೂದಿಲ್ಲ. ಭಾಳ ಸಣ್ಣ ಪುಡಿ ಐತಿ."

ಸಂಗವ್ವ ಬಗ್ಗಿ ನೋಡಿದಳು. ತಾಯಿಯ ಮೊಣಕೈವರೆಗೂ ಬೆಳ್ಳಗೆ ಪುಡಿ ಹತ್ತಿತ್ತು. "ಬೂದಿ! ಬತ್ತದ ಹೊಟ್ಟಿನ ಬೂದಿ. ಅವ್ವ ಗಿರಣಿಯಿಂದ ಹೊಟ್ಟ ತರತಿದ್ಲು, ಒಲಿಗೆ ಅಂತ ತಿಳದಿದ್ನಿ ನಾ. ಆದರ ಎಷ್ಟ ಹಾಕತಿದ್ಲು?"

ಅದನ್ನು ಕ್ಯಾಸೆಟ್ಟು ಹೇಳಲಿಲ್ಲ. ಆದರೆ ಎಷ್ಟು ಎಂಬ ಪ್ರಶ್ನೆ ಸಮೃದ್ಧಿಯ ಪ್ರತಿದಿನದ ಪ್ರಶ್ನೆ. ಮುಂದಿನ ವಾರ ತಕ್ಕಡಿ, ಜರಡಿ ಹಿಡಿದುಕೊಂಡು ಮಾವನ ಜೊತೆ ನಂದಗಡಕ್ಕೆ ಹೋದಳು. ನೂರು ಪಾಲು ಮಣ್ಣಿಗೆ ಐದು ಪಾಲು ಬೂದಿ ಒಂದು ಹರವಿಗೆ, ಹತ್ತು ಇನ್ನೊಂದಕ್ಕೆ, ಇಪ್ಪತ್ತು ಮತ್ತೊಂದಕ್ಕೆ. ಗುರುಪಾದಪ್ಪನವರು ಬೇಡವೆಂದರೂ ಕೇಳದೆ ಪಂಚೆ ಮೇಲೆ ಕಟ್ಟಿ ಮಣ್ಣು ತುಳಿದರು. ತುಳಿಯುತ್ತ ತಮಗರಿವಿಲ್ಲದೆ ಗುನುಗಿದರು, ತಟ್ಟನೆ ನಿಲ್ಲಿಸಿದರು.

"ಹಾಡ್ರೀ ಅಣ್ಣಾರ, ಇಲ್ಲಿ ಅಳಸಾಕ ಏನೂ ಇಲ್ಲ," ಎಂದು ಸಂಗವ್ವ ನಕ್ಕಳು.

ಸಂಗವ್ವ ಬಡಿದು ಮಾಡಿದ ಮೂರು ಹರವಿಗಳು ನೆರಳಿನಲ್ಲಿ ಒಣಗಿದವು. ಐದು ಪಾಲಿನದು ನಾಲ್ಕನೆಯ ದಿನವೇ ಬುಡದಿಂದ ಸೀಳಿತು. ಉಳಿದೆರಡು ಆವಿಗೆಗೆ ಹೋದವು. ಸುಟ್ಟು ತೆಗೆದ ಮೇಲೆ ನೀರು ತುಂಬಿದರೆ ಇಪ್ಪತ್ತು ಪಾಲಿನದರಿಂದ ಧಾರೆಯಾಗಿ ಸೋರಿತು. ಹತ್ತು ಪಾಲಿನದು ಬರೀ ಬೆವರಿತು. ಸಂಗವ್ವ ಬೆರಳಿನಿಂದ ಅದನ್ನು ಬಡಿದು, ಕಿವಿಗೊಟ್ಟು ಕೇಳಿದಳು.

"ಇದು ನಿಂತಿತು," ಎಂದಳು.

ಸಮೃದ್ಧಿ ಆಗಲೇ ಚೀಟಿ ತೆಗೆದು ಬರೆಯುತ್ತಿದ್ದಳು. "ಮುಂದಿನ ಸಲ ಎಂಟು, ಹನ್ನೆರಡು ಮಾಡಿ ನೋಡೂಣು?"

"ಮಾಡೂಣು," ಎಂದಳು ಸಂಗವ್ವ, ಬೂದಿ ಜರಡಿ ಹಿಡಿಯಲು ಕೂರುತ್ತ.