ಮೂರನೇ ಲೀಟರ್

ಸಾಕು ಅಂತ ನೀನು ಹೇಳಬೇಕು, ಬರೆಯೋ ಡಾಕ್ಟ್ರು ಹೇಳಲ್ಲ, ಬಾಟಲಿ ನೇತುಹಾಕೋಳು ಹೇಳಬೇಕು ಅಂದಿದ್ದರು ದೊಡ್ಡಕ್ಕ, ಹನ್ನೊಂದು ವರ್ಷದ ಹಿಂದೆ, ಅಗೋ ಆ ಮೂಲೆಯ ಸಿಂಕಿನ ಮುಂದೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು, ಮಾತು ಕೊಡು, ನಾನೇ ಈ ಮಂಚಕ್ಕೆ ಬಿದ್ದ ದಿನ ನನ್ನನ್ನ ಬಾನಿ ತುಂಬಿಸಿದ ಹಾಗೆ ತುಂಬಿಸೋಕೆ ಬಿಡಬೇಡ, ಸಾಕು ಅನ್ನು, ಬಾಯಿಬಿಟ್ಟು ಅನ್ನು, ಹೂಂ ಅಕ್ಕ ಅಂದಿದ್ದೆ ನಾನು, ನಾಳೆ ಬರುವಾಗ ಹಾಲು ತರ್ತೀನಿ ಅನ್ನೋವಷ್ಟು ಸಲೀಸಾಗಿ ಅಂದಿದ್ದೆ — ಆ ನಲ್ಲಿ ಈಗಲೂ ತೊಟ್ಟಿಕ್ಕುತ್ತೆ, ಇಲ್ಲಿ ನನ್ನ ಕಣ್ಣಿನ ಮಟ್ಟಕ್ಕೆ ಬಾಟಲಿಯ ಕೆಳಗೆ ಹನಿ ಬೀಳುತ್ತೆ, ಹನಿ ಅಲ್ಲ, ಧಾರೆ, ಸಲೈನಿನ ಮೂರನೇ ಬಾಟಲಿ, ಪೂರ್ತಿ ಬಿಟ್ಟಿದ್ದೀನಿ, ಕೊಳವೆಯ ಚಕ್ರದ ಮೇಲೆ ನನ್ನ ಹೆಬ್ಬೆರಳು ಇನ್ನೂ ಇದೆ, ಒಂದು ಸಲ ಕೆಳಕ್ಕೆ ಉರುಳಿಸಿದರೆ ನಿಲ್ಲುತ್ತೆ, ಮಂಚದ ಮೇಲೆ ದೊಡ್ಡಕ್ಕ. ಇಪ್ಪತ್ತಾರು ವರ್ಷ ಈ ವಾರ್ಡನ್ನು ಆಳಿದ ಸಿಸ್ಟರ್, ನಿವೃತ್ತಿಯಾಗಿ ಆರು ವರ್ಷ, ಮೂತ್ರದ ಸೋಂಕು ರಕ್ತಕ್ಕೆ ಏರಿ ಪ್ರೆಶರ್ ನೆಲ ಹಿಡಿದು ಮಧ್ಯಾಹ್ನ ಹನ್ನೆರಡಕ್ಕೆ ಟ್ರಾಲಿಯಲ್ಲಿ ಬಂದರು, ಕಣ್ಣು ಅರ್ಧ ತೆರೆದು ನನ್ನ ನೋಡಿ, ಗಡಿಬಿಡಿ, ನೀನಾ ಇವತ್ತು ಡ್ಯೂಟಿ ಅಂದರು, ಗಡಿಬಿಡಿ ಅನ್ನೋದು ಅವರೇ ಇಟ್ಟ ಹೆಸರು, ಆಮೇಲೆ ಮಾತಿಲ್ಲ. ರಕ್ತ ತೆಗೆದು ಪರೀಕ್ಷೆಗೆ ಕಳಿಸಿ ಆಂಟಿಬಯೋಟಿಕ್ ಹಾಕಿ ಮೊದಲ ಬಾಟಲಿ ಬಿಟ್ಟು, ಮಂಡಿಯ ಚಿಪ್ಪಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟೆ, ಒತ್ತಿದ ಕಡೆ ಬಿಳಿ ಗುರುತು, ಚರ್ಮಕ್ಕೆ ರಕ್ತ ವಾಪಸ್ ಬರೋಕೆ ಎಷ್ಟು ಹೊತ್ತು ಅಂತ ಎಣಿಸೋದು, ಇದೂ ಅವರೇ ಕಲಿಸಿದ್ದು, ಮಷೀನು ಸುಳ್ಳು ಹೇಳಬಹುದು, ಮಂಡಿ ಹೇಳಲ್ಲ, ಒಂದು, ಎರಡು, ಮೂರು, ನಾಲ್ಕು, ಐದಕ್ಕೆ ಬಣ್ಣ ಬಂತು. ಮನೆಯಲ್ಲಿ ನನ್ನ ಮಗಳಿಗೂ ಇದೇ ಆಟ, ಬೆಳಿಗ್ಗೆ ಹೊಟ್ಟೆನೋವು ಅಂತ ಮುದುರಿಕೊಂಡಾಗ ಅವಳ ಮಂಡಿ ಒತ್ತುತ್ತೀನಿ, ಎರಡು ಅನ್ನೋದರೊಳಗೆ ಕೆಂಪು, ಆರಾಮಿದ್ದೀಯ, ಶಾಲೆಗೆ ನಡಿ, ಅಮ್ಮ ನೀನು ಮೋಸ, ನಿಧಾನಕ್ಕೆ ಎಣಿಸ್ತೀಯ.

ತೂಕ ಎಷ್ಟು ಅಂತ ಚಿಕ್ಕ ಡಾಕ್ಟ್ರು ಕೇಳಿದ್ದು ದೊಡ್ಡಕ್ಕನ ಮಗಳನ್ನ, ಬಾಗಿಲಲ್ಲಿ ಕೈಚೀಲ ಎದೆಗೆ ಒತ್ತಿ ನಿಂತಿದ್ದಳು, ಎಪ್ಪತ್ತೆರಡು ಅಂದಳು, ಯೋಚನೆಯೇ ಇಲ್ಲದೆ, ಯಾಕಂದರೆ ಅವರಮ್ಮ ಯಾವಾಗಲೂ ಹೇಳುತ್ತಿದ್ದದ್ದೇ ಅದು, ಎಪ್ಪತ್ತೆರಡು ಕಿಲೋ, ಒಂದು ಗ್ರಾಮೂ ಕಮ್ಮಿ ಇಲ್ಲ, ಎತ್ತೋರು ಸೊಂಟ ನೋಡಿಕೊಳ್ಳಿ, ಅಂತ ನಗುತ್ತಿದ್ದರು, ದೊಡ್ಡಕ್ಕ ಅಂತ ಸುಮ್ಮನೆ ಕರೆಯುತ್ತಿದ್ದೆವಾ, ಈ ಬಾಗಿಲ ತುಂಬಾ ಇದ್ದ ಹೆಂಗಸು. ಒಂದು ಕಿಲೋಗೆ ಮೂವತ್ತು ಎಂಎಲ್, ಎಪ್ಪತ್ತೆರಡಕ್ಕೆ ಎರಡು ಲೀಟರ್ ಮೇಲೆ ಸ್ವಲ್ಪ, ಚಿಕ್ಕ ಡಾಕ್ಟ್ರು ಬರೆದರು, ಸೇರಿ ಎರಡು ತಿಂಗಳು, ಅಕ್ಷರ ಇನ್ನೂ ದುಂಡಗೆ ಇದೆ ಪಾಪ. ತೂಕ ತೋರಿಸೋ ಮಂಚ ಕೆಟ್ಟು ಅದಕ್ಕೂ ಎರಡು ತಿಂಗಳೇ, ರಿಪೇರಿಗೆ ಬರೆದು ಬರೆದು ಪೆನ್ನು ಸವೆಯಿತು. ಆದರೆ ಟ್ರಾಲಿಯಿಂದ ಮಂಚಕ್ಕೆ ಹಾಕುವಾಗ ಅವರ ಕೆಳಗಿನ ಹಾಸುಬಟ್ಟೆಯ ತಲೆಯ ಕಡೆ ಮೂಲೆ ಹಿಡಿದವಳು ನಾನು, ಒಂದು ಎರಡು ಮೂರು ಅಂತ ಉಸಿರು ಕಟ್ಟಿ ಎತ್ತಿದರೆ, ತುಂಬಿದೆ ಅಂದುಕೊಂಡು ಖಾಲಿ ಬಿಂದಿಗೆ ಎತ್ತಿದಂತಾಗಿ ಹಿಂದಕ್ಕೆ ವಾಲಿಬಿಟ್ಟೆ, ಸ್ವೆಟರ್ ಒಳಗೆ ಇನ್ನೊಂದು ಸ್ವೆಟರ್, ಅದರೊಳಗೆ ಯಾರೂ ಇಲ್ಲ, ಐವತ್ತು, ಬಹಳ ಅಂದರೆ ಐವತ್ತೆರಡು ಅಂದಿತು ಕೈ. ಆ ಕೈಗೆ ತೂಕ ಕಲಿಸಿದ್ದೂ ಅವರೇ, ಪ್ರತಿ ರೋಗಿಯನ್ನ ಎತ್ತುವಾಗ ಪಂದ್ಯ, ಸೋತವರು ಕಾಫಿ ತರೋದು, ನಾನು ತಂದ ಕಾಫಿಗೆ ಲೆಕ್ಕ ಇಲ್ಲ, ಕೊನೆಕೊನೆಗೆ ಅವರೂ ತಂದರು. ಎದುರು ಬೀದಿಯಲ್ಲೇ ಇರೋ ಮಗಳು ದಿನಾ ಬಂದು ಹೋಗ್ತಾಳೆ, ದಿನಾ ನೋಡೋ ಕಣ್ಣಿಗೆ ಕರಗೋದು ಕಾಣಲ್ಲ, ಅವಳ ತಪ್ಪೇನಿದೆ, ನನ್ನ ಕೈಗೆ ಹನ್ನೆರಡು ಗಂಟೆಗೇ ಗೊತ್ತಾಗಿತ್ತು. ಹೇಳಿದರಾಯ್ತು ಆಮೇಲೆ ಅಂದುಕೊಂಡೆ, ಶುರುವಿನಲ್ಲಿ ನೀರು ಬೇಕೇ ಬೇಕು, ಒಂದು ಲೀಟರ್ ಆದ ಮೇಲೆ ಮಂಡಿ ನಾಲ್ಕಕ್ಕೆ ಕೆಂಪಾಯ್ತಲ್ಲ, ಸರಿಹೋಗ್ತಿದೆಯಲ್ಲ, ಎರಡಾದ ಮೇಲೆ ಆರು. ಆರು ಅಂತ ಎಣಿಸಿ ಮತ್ತೆ ಒತ್ತಿದೆ, ಏಳು. ಮೂತ್ರದ ಚೀಲದಲ್ಲಿ ಮೊದಲು ಇದ್ದಷ್ಟೇ, ತಳದಲ್ಲಿ ಟೀ ಡಿಕಾಕ್ಷನ್ ಥರ ಎರಡು ಚಮಚ. ಎರಡು ಲೀಟರ್ ಒಳಗೆ ಹೋಯಿತು, ಎರಡು ಚಮಚ ಹೊರಗೆ ಬಂತು, ಉಳಿದದ್ದು ಎಲ್ಲಿ ಹೋಯಿತು ಅಂತ ಕೇಳಬೇಕಾಗಿಲ್ಲ, ರೆಪ್ಪೆ ಊದಿದೆ, ಬೆರಳು ಊದಿದೆ, ತಳ ಬಿಟ್ಟ ಕೊಡ ಕಣೇ ಈ ಕಾಯಿಲೆ, ಅನ್ನುತ್ತಿದ್ದರು ದೊಡ್ಡಕ್ಕ, ಹುಯ್ದಷ್ಟೂ ಸೋರುತ್ತೆ, ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ, ನಾವು ಉಪ್ಪನ್ನೂ ನೀರನ್ನೂ ಒಟ್ಟಿಗೇ ಕೊಡ್ತೀವಿ, ಆದರೂ ಬಾಯಿ ಒಣಗಿರುತ್ತೆ ನೋಡು. ಒಣಗಿದೆ ಅಕ್ಕ. ತುಟಿ ಸಿಪ್ಪೆಯಾಗಿದೆ.

ನಾನು ಮಾತು ಕೊಟ್ಟ ಆವತ್ತು ಹಾಗೆ ಊದಿದ್ದವನು ಒಬ್ಬ ಮರಗೆಲಸದವನು, ನಾಲ್ಕು ದಿನ ತುಂಬಿಸಿ ತುಂಬಿಸಿ ಉಂಗುರ ಬೆರಳೊಳಗೆ ಹೂತು ಹೋಗಿ, ವರ್ಕ್‌ಶಾಪಿನಿಂದ ಇಕ್ಕಳ ತರಿಸಿ ದೊಡ್ಡಕ್ಕನೇ ಕತ್ತರಿಸಿದರು, ಅವನ ಹೆಂಡತಿ ಇದು ನಮ್ಮವರಲ್ಲ, ಬೇರೆ ಯಾರನ್ನೋ ಮಲಗಿಸಿದ್ದೀರಿ ಅಂದಳು, ಆಮೇಲೆ ಸಿಂಕು, ಸೋಪು, ಮಾತು ಕೊಡು. ಹಾಗಂತ ಸಾಕು ಅನ್ನೋದು ನನಗೆ ಬರಲ್ಲ ಅಂತಲ್ಲ, ಅಂದಿದ್ದೀನಿ, ಒಂದು ಸಲ, ನಾಲ್ಕು ವರ್ಷದ ಹಿಂದೆ ಒಬ್ಬ ಬಸ್ ಡ್ರೈವರ್, ಸಾಕು ಸರ್ ಅಂದೆ, ನಿಲ್ಲಿಸಿದರು, ಸಂಜೆಗೆ ಹೋದ, ನಿಲ್ಲಿಸದಿದ್ದರೂ ಹೋಗುತ್ತಿದ್ದ, ಎಲ್ಲರೂ ಹಾಗೇ ಅಂದರು, ಆದರೆ ಫೈಲಿನಲ್ಲಿ ಸಿಸ್ಟರ್ ಹೇಳಿದ ಮೇಲೆ ನಿಲ್ಲಿಸಲಾಯಿತು ಅಂತ ಒಂದು ಸಾಲು, ಸೂಪರಿಂಟೆಂಡೆಂಟ್ ಕೋಣೆಗೆ ಎರಡು ಸಲ ಕರೆಸಿದರು, ಕುರ್ಚಿ ಇತ್ತು, ಕೂರಿ ಅನ್ನಲಿಲ್ಲ, ಮನೆಯಲ್ಲಿ ಮಗಳಿಗೆ ನಾನೊಬ್ಬಳೇ, ಅವತ್ತಿನಿಂದ ನಾಲಿಗೆಗೆ ಬೀಗ, ಬೀಗದ ಕೈ ನಾನೇ ಎಲ್ಲೋ ಇಟ್ಟು ಮರೆತೆ. ಈಗ ಅರ್ಧ ಗಂಟೆ ಕೆಳಗೆ ಚಿಕ್ಕ ಡಾಕ್ಟ್ರು ಸರಿಯಾಗಿಯೇ ಮಾಡಿದರು, ಕಾಲೆತ್ತಿ ನೋಡೋಣ ಸಿಸ್ಟರ್ ಅಂದರು, ತಲೆ ಕಡೆ ಇಳಿಸಿ ಕಾಲ ಕಡೆ ಎತ್ತಿದೆವು, ಕಾಲಿನ ರಕ್ತ ಎದೆಗೆ ಇಳಿಯುತ್ತೆ, ಬಾಟಲಿ ಹಾಕದೆಯೇ ಹಾಕಿ ನೋಡಿದ ಹಾಗೆ, ಪ್ರೆಶರ್ ಏರಿದರೆ ಎದೆಗೆ ಇನ್ನೂ ನೀರು ಬೇಕು, ಏರದಿದ್ದರೆ ಬೇಡ, ಐವತ್ತೆಂಟು ಇದ್ದದ್ದು ಐವತ್ತೊಂಬತ್ತಾಗಿ ಮತ್ತೆ ಐವತ್ತೆಂಟಕ್ಕೆ ಕೂತಿತು, ಇಬ್ಬರೂ ನೋಡಿದೆವು. ದೊಡ್ಡ ಡಾಕ್ಟ್ರು ಆಪರೇಷನ್‌ನಲ್ಲಿ, ಫೋನ್ ಎತ್ತಲಿಲ್ಲ, ಚಿಕ್ಕ ಡಾಕ್ಟ್ರು ಎರಡು ಸಲ ಮಾಡಿದರು, ಮೂರನೇ ಸಲ ಮಾಡಲಿಲ್ಲ, ಎಪ್ಪತ್ತೆರಡು ಕಿಲೋ ಅಲ್ವಾ, ಇನ್ನೊಂದು ಲೀಟರ್ ತಡೆಯುತ್ತೆ, ಅದಾದ ಮೇಲೆ ಪ್ರೆಶರ್ ಏರಿಸೋ ಔಷಧಿ ಶುರು ಮಾಡೋಣ, ಅಂತ ತಮಗೇ ಹೇಳಿಕೊಂಡು, ತಿರುಗಿ ನನ್ನ ಮುಖ ನೋಡಿ, ಯಾವ ಡಾಕ್ಟ್ರೂ ಕೇಳದ್ದನ್ನ ಕೇಳಿದರು, ಸಿಸ್ಟರ್, ನಿಮಗೇನನ್ನಿಸುತ್ತೆ, ಹಾಕೋದಾ ಬೇಡ್ವಾ. ಕೇಳಿದರು. ಬಾಯಿಗೇ ಇಟ್ಟರು. ಐವತ್ತೇ ಕಿಲೋ ಮೇಡಂ, ಸಾಕು, ನಾಲ್ಕು ಪದ, ಗಾಜಿನ ಆಚೆ ದೊಡ್ಡಕ್ಕನ ಮಗಳು ಕೈ ಮುಗಿದಿದ್ದಳು, ಯಾರಿಗೋ ಗೊತ್ತಿಲ್ಲ, ನನಗೋ ಬಾಟಲಿಗೋ, ಜೇಬಲ್ಲಿ ಫೋನ್ ನಡುಗಿತು, ಶಾಲೆ ಬಿಡೋ ಹೊತ್ತು, ಕುರ್ಚಿ ನೆನಪಾಯಿತು, ನೀವು ಹೇಳಿದ ಹಾಗೆ ಮೇಡಂ ಅಂದೆ. ಅವರು ಇನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಬರೆದರು, ದುಂಡಗೆ.

ಹೆಬ್ಬೆರಳು ಇನ್ನೂ ಚಕ್ರದ ಮೇಲೆ, ಬಾಟಲಿ ಅರ್ಧಕ್ಕಿಂತ ಕೆಳಗೆ, ಕಿಟಕಿಯ ಬಿಸಿಲು ನೀರಿನೊಳಗೆ ಹೊಕ್ಕು ಗೋಡೆಯ ಮೇಲೆ ಅಲ್ಲಾಡುತ್ತೆ, ಆಗ ಒಂದು ಸದ್ದು, ಮೊದಲು ಮಷೀನಿನದು ಅಂದುಕೊಂಡೆ, ಅಲ್ಲ, ದೊಡ್ಡಕ್ಕನ ಎದೆಯಿಂದ, ಒಲೆಯ ಮೇಲಿಟ್ಟ ಪಾತ್ರೆ ಕುದಿಗೆ ಮುಂಚೆ ಗುಳುಗುಳು ಅನ್ನುತ್ತಲ್ಲ ಹಾಗೆ, ಆಕ್ಸಿಜನ್ ತೊಂಬತ್ತನಾಲ್ಕು, ತೊಂಬತ್ತೊಂದು, ಎಂಬತ್ತೇಳು, ಅವರ ಕಣ್ಣು ತೆರೆದಿದೆ, ಪೂರ್ತಿ ತೆರೆದಿದೆ, ನನ್ನನ್ನೇ ನೋಡುತ್ತಿದೆ, ಬೈಯುತ್ತಿಲ್ಲ, ಕಾಯುತ್ತಿದೆ, ಹೊಸ ಹುಡುಗಿ ಕಲಿತ ಪಾಠ ಒಪ್ಪಿಸಲಿ ಅಂತ ಕಾಯುತ್ತಿದ್ದರಲ್ಲ ಹಾಗೆ, ಹೇಳು ಗಡಿಬಿಡಿ, ಅಷ್ಟರಲ್ಲಿ ಬೂಟಿನ ಸದ್ದು, ಚಿಕ್ಕ ಡಾಕ್ಟ್ರು ಓಡಿ ಬರುತ್ತಾರೆ, ನಿಲ್ಲಿಸಿ ಸಿಸ್ಟರ್, ನಿಲ್ಲಿಸಿ, ಸಾಕು, ಅಂತಾರೆ, ಅವರು ಅಂತಾರೆ, ಅವರೇ ಅಂದರು, ಚಕ್ರ ಉರುಳುತ್ತೆ, ಧಾರೆ ಹನಿಯಾಗಿ ಹನಿ ನಿಂತು ತುದಿಯಲ್ಲಿ ನೇತಾಡುತ್ತೆ, ಯಾರೋ ಉಸಿರಿನ ಕೊಳವೆ ತರ್ತಾರೆ, ಯಾರೋ ಮಗಳನ್ನ ಬಾಗಿಲಿಂದ ಸರಿಸುತ್ತಾರೆ, ನನ್ನ ಕೈ ತಾನಾಗಿ ಮಂಡಿಗೆ ಹೋಗುತ್ತೆ, ಒತ್ತಿ ಬಿಡುತ್ತೆ, ಬಿಳಿ ಗುರುತು, ಒಂದು, ಎರಡು, ಮೂರು, ಸಾಕು ಅಂತ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ, ಹೇಳಲಿಲ್ಲ, ಏಳು, ಎಂಟು, ಬಿಳಿ, ಒಂಬತ್ತು, ಬಿಳಿ