ಬೆಟ್ಟದ ಕಡೆಗೆ ವಾಲುವವರು

೧

ಎಲ್ಲಿಂದ ಶುರು ಮಾಡಲಿ? ಸದ್ದಿನಿಂದಲೇ ಶುರು ಮಾಡೋಣವೆಂದರೆ ಆ ಸದ್ದು ನಮ್ಮ ಐವತ್ತು ಅಕ್ಷರಗಳಲ್ಲಿ ಯಾವುದಕ್ಕೂ ಒಗ್ಗುತ್ತಿಲ್ಲ. 'ಕಟಕಟ' ಎಂದು ಬರೆದೆ, ಚಳಿಗೆ ಹಲ್ಲು ಕಡಿದಂತಾಯಿತು. 'ಗರಗರ' ಎಂದೆ, ಬೀಸುವ ಕಲ್ಲಾಯಿತು. ಎರಡನ್ನೂ ಹೊಡೆದುಹಾಕಿ, ಸದ್ದಿನ ಒಡೆಯನನ್ನೇ ಕೇಳಿದೆ.

ಒಡೆಯನ ಹೆಸರು ಎವಾರಿಸ್ತೊ ಇಶ್ಕೊಯ್. ಗ್ವಾಟೆಮಾಲದ ಬೆಟ್ಟಸಾಲಿನಲ್ಲಿ, ಶೆಸಾಕ್ ಎಂಬ ಊರಿಂದ ಕೆಳಗಿನ ಸಂತೆಪೇಟೆಗೆ ಪಿಕಪ್ ಓಡಿಸುತ್ತಾನೆ. ಗಾಡಿಗೆ ಮೂವತ್ತೈದು ವರ್ಷ, ಅವನಿಗೆ ಐವತ್ತೆರಡು. ಕೇಳಿದ್ದಕ್ಕೆ ಅವನು ಸ್ಟೀರಿಂಗಿನ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದು ತೋರಿಸಿದ. ಮೂರು ಪೆಟ್ಟು, ಒಂದು ಬಿಡುವು, ಆಮೇಲೆ ಕಬ್ಬಿಣವನ್ನು ಕಬ್ಬಿಣದ ಮೇಲೆ ಎಳೆದಂತೆ ಒಂದು ದೀರ್ಘ.

"ಮೂರು ಪೆಟ್ಟು ಅಭ್ಯಾಸ ಆಗಿದೆ ನಂಗೆ," ಎಂದ ಆಮೇಲೆ. "ಆ ಬಿಡುವಿದೆ ನೋಡಿ, ಅದು. ಅಲ್ಲಿ ಉಸಿರು ನಿಂತ್ಹೋಗುತ್ತೆ."

ಸರಿ ಹಾಗಾದರೆ. ಬಿಡುವಿನಿಂದ ಶುರು.

೨

(ಇದು ಮೊದಲ ಕರಡಿನಲ್ಲಿ ಉಳಿದುಕೊಂಡ ಭಾಗ. ಒಣಗಿದೆ, ಆದರೆ ಇದಿಲ್ಲದಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ.)

ಪಿಕಪ್ಪಿನ ಹಿಂಭಾಗಕ್ಕೆ ಸುತ್ತ ಎದೆಯೆತ್ತರದ ಕಬ್ಬಿಣದ ಕಂಬಿ. ಗುರುವಾರ, ಭಾನುವಾರ ಆ ಕಂಬಿ ಹಿಡಿದು ಹದಿನಾಲ್ಕು ಜನ ನಿಲ್ಲುತ್ತಾರೆ. ಊರಿಗೆ ಬೇರೆ ಗಾಡಿಯಿಲ್ಲ. ಇಳಿಜಾರಿನಲ್ಲಿ ಹನ್ನೆರಡು ತಿರುವು. ಐದನೆಯದರಲ್ಲಿ ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಏನೂ ಇಲ್ಲ. ಕೆಳಗೆ ಎಲ್ಲೋ ಮೋಡ, ಅದರ ಕೆಳಗೆ ಹೊಳೆ. ಸದ್ದು ಬರುವುದು ಅಲ್ಲಿ ಮಾತ್ರ.

ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದ ಕೊಳವೆಗೆ ಶಾಫ್ಟ್ ಎನ್ನುತ್ತಾರೆ. ಅದರ ಮುಂದಿನ ತುದಿ ಕಳಚಿ ಬಿದ್ದರೆ ನೆಲಕ್ಕೆ ಚುಚ್ಚಿಕೊಳ್ಳುತ್ತದೆ, ಗಾಡಿ ಅದರ ಮೇಲೆ ಎದ್ದು ಮಗುಚುತ್ತದೆ. ಎವಾರಿಸ್ತೊ ಇದನ್ನು ಒಮ್ಮೆ ಬೇರೆಯವರ ಗಾಡಿಯಲ್ಲಿ ಕಂಡವನು. ಹಾಗಾಗಿ ಸಂತೆಪೇಟೆಯ ಮೆಕ್ಯಾನಿಕ್ ತೆಲ್ಮೊನ ಹತ್ತಿರ ಗುಟ್ಟಾಗಿ ಹೋದ. ತೆಲ್ಮೊ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ಬದಲಿಸಿದ. ಗಾಲಿಯ ಬೇರಿಂಗ್ ಬದಲಿಸಿದ. ಹಿಂದಿನ ಗಾಲಿಗಳ ನಡುವಿನ ಹಲ್ಲುಚಕ್ರದ ಪೆಟ್ಟಿಗೆಯ ಎಣ್ಣೆ ಇಳಿಸಿ, ಎರಡು ಬೆರಳ ನಡುವೆ ಉಜ್ಜಿ, ಕಬ್ಬಿಣದ ಪುಡಿಯಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದ. ಚೊಕ್ಕಟ. ಕೊನೆಗೆ ಹದಿನಾಲ್ಕು ಜನರ ತೂಕಕ್ಕೆ ಸಮವಾಗಿ ಹದಿನೆಂಟು ಮೂಟೆ ಮರಳು ಹೇರಿ ತಾನೇ ಪಕ್ಕದಲ್ಲಿ ಕುಳಿತು ಹೊರಟ.

ಐದನೆಯ ತಿರುವು ಬಂತು. ಹೋಯಿತು. ಗಾಡಿ ಬೆಕ್ಕಿನ ಹಾಗೆ ನಡೆಯಿತು.

"ನಿನ್ ಕಿವಿ ರಿಪೇರಿ ಮಾಡಿಸ್ಕೋ," ಎಂದ ತೆಲ್ಮೊ.

೩

ಓದುಗರೇ, ನನ್ನ ಹಾಳೆಯ ಮೇಲೂ ಇದೇ ಗತಿ. 'ಹದಿನಾಲ್ಕು ಪ್ರಯಾಣಿಕರು' ಎಂದು ಬರೆದು ಗಾಡಿ ಬಿಟ್ಟೆ. ತಿರುವಿನ ಬಗ್ಗೆ ಒಂದು ಪುಟ ವರ್ಣನೆ, ಮೋಡಕ್ಕೆ ಎರಡು ಉಪಮೆ. (ಒಂದು ಚೆನ್ನಾಗಿಯೇ ಇತ್ತು.) ಸದ್ದು ಬರಲಿಲ್ಲ. ನಾನೂ ಮರಳಿನ ಮೂಟೆಗಳನ್ನೇ ಹೇರಿದ್ದೆ ಎಂದು ಹೊಳೆಯಲು ಒಂದು ವಾರ ಹಿಡಿಯಿತು.

ಆದ್ದರಿಂದ ಹತ್ತಿಸುತ್ತೇನೆ. ಹೆಚ್ಚಿಲ್ಲ, ಮೂವರನ್ನು. ಪೆತ್ರೋನಾ: ಎಪ್ಪತ್ತರ ಮುದುಕಿ, ತಲೆಯ ಮೇಲೆ ಮೊಟ್ಟೆಯ ಬುಟ್ಟಿ. ಕ್ರೆಸೆನ್ಸಿಯೊ: ಪೊರಕೆ ಮಾರುವವನು, ಬಾಯಿಬಡುಕ. ರುಫೀನಾ: ಏಳು ತಿಂಗಳ ಬಸುರಿ, ಗುರುವಾರ ಗುರುವಾರ ಆಸ್ಪತ್ರೆಗೆ ಹೋಗಬೇಕು, ಮೊದಲ ಮಗು ಹೊಟ್ಟೆಯಲ್ಲೇ ಹೋಗಿದೆ. ಉಳಿದ ಹನ್ನೊಂದು ಜನರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಹೆಸರು ಬರೆದಷ್ಟೂ ನನಗೇ ಭಯ.

೪

ಗುರುವಾರ, ಬೆಳಗಿನ ಏಳು.

ನಾಲ್ಕನೆಯ ತಿರುವು ದಾಟಿದೊಡನೆ ಎವಾರಿಸ್ತೊ ದೇವಮಾತೆಯ ಪ್ರಾರ್ಥನೆ ಹಿಡಿಯುತ್ತಾನೆ. ಅಜ್ಜಿಯ ಬಾಯಿಂದ ಕಲಿತ ರಾಗದಲ್ಲಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಂಡು. ಆ ವೇಗದಲ್ಲಿ ಹೇಳಿದರೆ ಮರಣದ ಗಳಿಗೆಯನ್ನು ಹೆಸರಿಸುವ ಸಾಲು ಸರಿಯಾಗಿ ಐದನೆಯ ತಿರುವಿಗೆ ಬಂದು ನಿಲ್ಲುತ್ತದೆ. ಬೇಕೆಂದು ಮಾಡಿದ್ದಲ್ಲ. ಬೇಗ ಹೇಳಿ ಮುಗಿಸಲು ನೋಡಿದ್ದಾನೆ, ಆದರೆ ರಾಗ ಅವನನ್ನು ಓಡಲು ಬಿಡುವುದಿಲ್ಲ.

ತಿರುವಿಗೆ ಮುಂಚೆ ಕೈ ಚಾಚಿ ರೇಡಿಯೊ ದೊಡ್ಡದು ಮಾಡುತ್ತಾನೆ. ಹಿಂದಿನವರಿಗೆ ಕೇಳಿಸಬಾರದು. ಕೇಳಿಸಿದರೆ ಹೆದರುತ್ತಾರೆ.

ಟಕ್. ಟಕ್. ಟಕ್.

(ಇಲ್ಲಿ ಬಿಡುವು.)

ಆಮೇಲೆ ಆ ಎಳೆತ, ಅವನ ಸೀಟಿನ ಅಡಿಯಿಂದ ಬೆನ್ನುಹುರಿಯುದ್ದಕ್ಕೂ. ಹಿಂದಿನಿಂದ ಎಲ್ಲರೂ ಗೊಳ್ಳೆಂದು ನಕ್ಕದ್ದು ಕೇಳಿಸಿತು. ಕ್ರೆಸೆನ್ಸಿಯೊ ಏನೋ ಚಟಾಕಿ ಹಾರಿಸಿರಬೇಕು. ದೇವರು ದೊಡ್ಡವನು, ಇವರಿಗಿನ್ನೂ ಗೊತ್ತಿಲ್ಲ ಎಂದುಕೊಂಡ ಎವಾರಿಸ್ತೊ.

೫

ಎವಾರಿಸ್ತೊ ಪಟ್ಟು ಬಿಡದ ಕಾರಣ, ಮುಂದಿನ ಗುರುವಾರ ತೆಲ್ಮೊ ಹಿಂದೆ, ಜನರ ನಡುವೆ ನಿಂತು ಬಂದ. ಐದನೆಯ ತಿರುವು ಸಮೀಪಿಸುತ್ತಿದ್ದಂತೆ ಅವನ ಹೆಗಲಿಗೆ ಒಂದು ಹೆಗಲು ತಾಗಿತು. ಹದಿನಾಲ್ಕೂ ಜನ ಒಟ್ಟಿಗೆ, ಯಾರೂ ಯಾರಿಗೂ ಹೇಳದೆ, ಕಂಬಿಯನ್ನು ಹಿಡಿದು ಎಡಕ್ಕೆ, ಬೆಟ್ಟದ ಕಡೆಗೆ ವಾಲಿದರು. ಪ್ರಪಾತಕ್ಕೆ ಬೆನ್ನು. ಕಂಬಿ ನರಳಿತು. ಮೂರು ಪೆಟ್ಟು. ಬಿಡುವು. ಎಳೆತ. ಕ್ರೆಸೆನ್ಸಿಯೊ "ಒಬ್ಬ ಪಾದ್ರಿ, ಒಂದು ಕತ್ತೆ..." ಎಂದ, ಅಷ್ಟಕ್ಕೇ ಎಲ್ಲರೂ ಗಟ್ಟಿಯಾಗಿ ನಕ್ಕರು. ಯಾರ ಕಣ್ಣಿನಲ್ಲೂ ನಗುವಿರಲಿಲ್ಲ.

"ಅಜ್ಜೀ, ನಿಮ್ಗೆ ಗೊತ್ತಿದೆ," ಎಂದ ತೆಲ್ಮೊ ಮೆಲ್ಲಗೆ.

"ಏನು ಗೊತ್ತಿರೋದು?"

"ಸದ್ದು."

ಪೆತ್ರೋನಾ ಬುಟ್ಟಿಯನ್ನು ಸರಿಮಾಡಿಕೊಂಡಳು. "ಈಸ್ಟರ್ ಹಬ್ಬದಿಂದ ಗೊತ್ತು ಕಣಪ್ಪ. ಕಿವುಡಾಗೋ ವಯಸ್ಸು ನಂದು, ಆದ್ರೆ ಅಂಗಾಲಿಗೆ ಗೊತ್ತಾಗುತ್ತಲ್ಲ."

"ಅವನಿಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗಾಡಿ ನಿಲ್ಲಿಸ್ಬಿಡ್ತಾನೆ. ಒಳ್ಳೇವ್ನು ಅವ್ನು, ಹೆದರ್ಕೊಳ್ಳೋ ಜಾತಿ. ನಿಲ್ಸಿದ್ರೆ ಇವ್ಳು ಹೆಂಗೆ ಹೋಗ್ತಾಳೆ?" ಎಂದು ರುಫೀನಾಳ ಕಡೆ ಗದ್ದ ಚಾಚಿ ತೋರಿಸಿದಳು. "ಆ ಹೊಟ್ಟೆ ಹೊತ್ಕೊಂಡು ಮೂರು ಗಂಟೆ ನಡೀತಾಳಾ?"

"ಅದಕ್ಕೇ ನಾನು ನಗಿಸೋದು," ಎಂದ ಕ್ರೆಸೆನ್ಸಿಯೊ. "ಮುಂದಿರೋನಿಗೆ ಕೇಳಿಸ್ಬಾರ್ದು ಅಂತ. ಆದ್ರೆ ಅಣ್ಣಾ, ಎಂಟು ವಾರದಿಂದ ಅದೇ ಪಾದ್ರಿ, ಅದೇ ಕತ್ತೆ. ಮುಂದೇನಾಯ್ತು ಅಂತ ಇವತ್ತಿನವರ್ಗೂ ಒಬ್ರೂ ಕೇಳಿಲ್ಲ ನನ್ನ."

ತೆಲ್ಮೊಗೆ ನಗು ಬರಲಿಲ್ಲ, ಸದ್ದಿನ ಕಾರಣ ಹೊಳೆಯಿತು. ಶಾಫ್ಟನ್ನು ನಡುವೆ ಹಿಡಿದುಕೊಂಡಿರುವ ಅಡ್ಡಪಟ್ಟಿಯಲ್ಲಿ ಎಲ್ಲೋ ಬಿರುಕು. ಮೂಟೆಗಳು ವಾಲುವುದಿಲ್ಲ. ಇವರು ವಾಲುತ್ತಾರೆ, ಎತ್ತರದ ಕಂಬಿ ಜಗ್ಗಿ ಗಾಡಿಯ ಚೌಕಟ್ಟನ್ನೇ ತಿರುಚುತ್ತಾರೆ, ಬಿರುಕು ಬಾಯಿ ಬಿಡುತ್ತದೆ, ಶಾಫ್ಟ್ ಹೋಗಿ ಬಡಿಯುತ್ತದೆ. ಸದ್ದು ಕೇಳಿ ಇನ್ನಷ್ಟು ವಾಲುತ್ತಾರೆ. ಪ್ರತಿ ವಾರ ಇನ್ನೊಂದಿಷ್ಟು.

೬

ಈಗ ಮುಕ್ತಾಯ ಬರೆಯಬಹುದಿತ್ತು. ಬರೆದೆ ಕೂಡ.

ಮುಕ್ತಾಯ ಒಂದು: ತೆಲ್ಮೊ ಬಿರುಕು ಕಂಡುಹಿಡಿದ, ವೆಲ್ಡಿಂಗ್ ಮಾಡಿದ, ರುಫೀನಾ ಹೆಣ್ಣು ಹೆತ್ತಳು. ಪೆತ್ರೋನಾ ನನ್ನ ಹಾಳೆಯ ಅಂಚಿನಲ್ಲಿ ನಿಂತು ಓದಿಸಿಕೊಂಡು, "ಮೊಟ್ಟೆ ಒಂದೂ ಒಡೀಲಿಲ್ವಾ? ಹೋಗಪ್ಪ ಸುಳ್ಳ," ಎಂದಳು.

ಮುಕ್ತಾಯ ಎರಡು: ಶಾಫ್ಟಿನ ಮುಂದಿನ ತುದಿ ರಸ್ತೆಗೆ...

"ಬೇಡ," ಎಂದ ಎವಾರಿಸ್ತೊ.

ಸುಮ್ಮನೆ ಒಂದು ಕರಡು ಮಾರಾಯ, ಎಂದೆ.

"ನಿಮ್ಗೆ ಕರಡು. ಅವರೆಲ್ಲ ಹಿಂದೆ ನಿಂತಿದ್ದಾರೆ ಸ್ವಾಮಿ, ನಿಮ್ ಕೈಲಿ ಪೆನ್ನಿದೆ ಅಂತ..." ಅವನು ನನ್ನ ಹಾಳೆಯ ಮೇಲೆ ಅಂಗೈ ಇಟ್ಟ. "ನಂಗೆ ಸದ್ದು ಕೇಳಿಸ್ಬಾರ್ದು ಅಂತ ಎಂಟು ವಾರ ನಗ್ತಾ ಇದ್ರಂತೆ, ತೆಲ್ಮೊ ಹೇಳ್ದ. ನಾನು ಬದುಕಿರೋದು ಅವರು ನಗ್ತಾರೆ ಅನ್ನೋ ಧೈರ್ಯದ ಮೇಲೆ. ಆ ವಾಕ್ಯ ಮುಗಿಸ್ಬೇಡಿ."

ಮುಗಿಸಲಿಲ್ಲ. ನೋಡಿ, ಹಾಗೇ ಇದೆ ಮೇಲೆ, ತುದಿಯಿಲ್ಲದೆ.

೭

ಅಡ್ಡಪಟ್ಟಿಯ ಮೇಲೆ ಮೂವತ್ತೈದು ವರ್ಷದ ಕೆಸರು, ಎಣ್ಣೆ, ಯಾರೋ ಹಚ್ಚಿದ ಡಾಂಬರು ಬಣ್ಣ. ಬಿರುಕು ಬಾಯಿ ಬಿಟ್ಟಾಗಲಲ್ಲದೆ ಕಾಣುವುದಿಲ್ಲ. ತೆಲ್ಮೊ ಗಾಡಿಯನ್ನು ಮೊದಲು ಇಗರ್ಜಿಯ ಅಂಗಳದಲ್ಲಿ ನಿಲ್ಲಿಸಿ, ಜನರನ್ನು ಹತ್ತಿಸಿ, ತಾನು ಅಡಿಯಲ್ಲಿ ಟಾರ್ಚ್ ಹಿಡಿದು ಮಲಗಿದ. "ವಾಲಿ!" ಎಂದ. ವಾಲಿದರು. ಒಬ್ಬರ ಮೇಲೊಬ್ಬರು ಬಿದ್ದು ಕಿಸಕ್ಕೆಂದರು. ಬಿರುಕು ಬಾಯಿ ಬಿಡಲಿಲ್ಲ. ಸಪಾಟು ನೆಲದಲ್ಲಿ ಮೈ ಅಷ್ಟು ಬಿಗಿಯಾಗುವುದಿಲ್ಲ, ಕೈ ಅಷ್ಟು ಜಗ್ಗುವುದಿಲ್ಲ.

"ಹೆದರ್ಕೊಂಡ ಹಾಗೆ ಮಾಡ್ರೋ!" ಎಂದು ಕೆಳಗಿಂದ ಕೂಗಿದ.

"ನಿನ್ ಮುಖ ತೋರ್ಸು, ಹೆದರ್ಕೋತೀವಿ," ಎಂದ ಕ್ರೆಸೆನ್ಸಿಯೊ.

ಹಾಗಾಗಿ ಐದನೆಯ ತಿರುವು.

೮

(ಈ ಭಾಗವನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ನೀವೂ ಅವಸರ ಮಾಡಬೇಡಿ.)

ಗಾಡಿ ತಿರುವಿನ ನಟ್ಟನಡುವೆ ನಿಂತಿತು. ಎಂಜಿನ್ ಬಂದ್. ಗೇರಿನಲ್ಲಿದೆ. ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಾಗಿದೆ. ಎವಾರಿಸ್ತೊ ಒಳಗೆ ಕುಳಿತು ಬ್ರೇಕನ್ನು ಎರಡೂ ಕಾಲಿಂದ ಒತ್ತಿ ಹಿಡಿದಿದ್ದಾನೆ. ತೆಲ್ಮೊ ಅಡಿಯಲ್ಲಿ. ಹೊರಗೆ ಕಾಣುವುದು ಅವನ ಬೂಟು ಮಾತ್ರ.

"ರುಫೀನಾ, ನೀನು ಇಳ್ಕೊಳ್ಳಮ್ಮ," ಎಂದ ಎವಾರಿಸ್ತೊ ಕಿಟಕಿಯಿಂದ.

"ನಾನಿಳಿದ್ರೆ ಭಾರ ಕಮ್ಮಿಯಾಗುತ್ತೆ. ಕಾಣದೇ ಹೋದ್ರೆ? ಬರೋ ಗುರುವಾರ ಮತ್ತೆ ಇದೇ ಗಾಡಿ ಹತ್ಬೇಕಲ್ಲ ಅಣ್ಣ ನಾನು."

"ಅವಳ್ದು ಎರಡು ಟಿಕೆಟ್ಟು, ಬಿಡಿ," ಎಂದ ಕ್ರೆಸೆನ್ಸಿಯೊ.

"ವಾಲಿ," ಎಂದಿತು ಕೆಳಗಿನ ದನಿ.

ಯಾರೂ ನಗಲಿಲ್ಲ. ಹದಿನಾಲ್ಕು ಮೈ ಬೆಟ್ಟದ ಕಡೆಗೆ ಎಳೆದುಕೊಂಡಿತು. ಅಡಿಯಿಂದ ಸಣ್ಣಗೆ, ಬಲು ಸಣ್ಣಗೆ, ಕಬ್ಬಿಣದ ಎಳೆತ. ಎವಾರಿಸ್ತೊ ಬ್ರೇಕನ್ನು ಇನ್ನಷ್ಟು ಒತ್ತಿದ.

"ಬಿಡ್ತಾ ಇದೆ! ಕೂದಲಷ್ಟು. ಎಡಗಡೆ ಬೋಲ್ಟೋ, ಅದರ ಹಿಂದೋ... ಕಾಣ್ತಿಲ್ಲ. ಇನ್ನೊಂದಾಳು ಭಾರ ಬೇಕು. ಒಬ್ರು ಸಾಕು."

ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಎವಾರಿಸ್ತೊ," ಎಂದಿತು ದನಿ. "ನೀನು ಹತ್ತು."

"ಬ್ರೇಕು?"

"ಕಲ್ಲಿದೆ. ಗೇರಿದೆ. ಕಲ್ಲು ಇಟ್ಟೋನು ನಾನು, ಅಡಿಯಲ್ಲಿರೋನೂ ನಾನೇ."

(ಇಲ್ಲಿ ನಾಲ್ಕು ಸಾಲು ಹೊಡೆದುಹಾಕಿದ್ದೇನೆ. ಅವನು ಏನು ಯೋಚಿಸಿದ ಎಂಬುದಿತ್ತು. ಅವನು ಯೋಚಿಸಲಿಲ್ಲ, ಹೆದರಿದ, ಅಷ್ಟೇ.)

ಎವಾರಿಸ್ತೊ ಒಂದು ಕಾಲು ಎತ್ತಿದ. ಗಾಡಿ ಅಲುಗಲಿಲ್ಲ. ಇನ್ನೊಂದನ್ನು ಎತ್ತಿದ. ಕಬ್ಬಿಣ ಎಲ್ಲೋ ಒಂದು ಸಲ ನಿಟ್ಟುಸಿರಿಟ್ಟಿತು, ತೆಲ್ಮೊನ ಬೂಟು ಗಕ್ಕನೆ ಮಡಿಚಿಕೊಂಡಿತು, ಆಮೇಲೆ ಎರಡೂ ಸುಮ್ಮನಾದವು. ಬಾಗಿಲು ತೆರೆದು, ಗಾಡಿಯನ್ನು ಸವರಿಕೊಂಡೇ ಸುತ್ತಿ ಬಂದು, ಹಿಂದಿನ ಹಲಗೆಯ ಮೇಲೆ ಕಾಲಿಟ್ಟ. ಹತ್ತೊಂಬತ್ತು ವರ್ಷ ಈ ಗಾಡಿ ಓಡಿಸಿದವನು ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಮುಂದಿನ ಗಾಜಿನಿಂದ ಅವನಿಗೆ ಕಂಡಿದ್ದದ್ದು ಯಾವಾಗಲೂ ರಸ್ತೆ. ಇಲ್ಲಿಂದ ರಸ್ತೆಯೇ ಕಾಣುವುದಿಲ್ಲ. ಬರೀ ಬಲಬದಿ, ಬರೀ ಮೋಡ, ಮೋಡ ಹರಿದ ಕಡೆ ದಾರದೆಳೆಯಂಥ ಹೊಳೆ.

"ಇದನ್ನ... ನೀವು ದಿನಾ..." ಎಂದ.

"ದಿನಾ ಎಲ್ಲಿ? ಗುರುವಾರ, ಭಾನುವಾರ," ಎಂದಳು ಪೆತ್ರೋನಾ. ಕಂಬಿಯ ಮೇಲಿದ್ದ ತನ್ನ ಕೈಯನ್ನು ಸರಿಸಿ ಒಂದು ಮುಷ್ಟಿಯಷ್ಟು ಜಾಗ ಮಾಡಿಕೊಟ್ಟಳು. "ಇಲ್ಲಿ ಹಿಡ್ಕೊ ಮಗಾ. ಬಿಗಿಯಾಗಿ."

ಮೂರನೆಯ ಮುಕ್ತಾಯ ನನ್ನ ಬಳಿಯಿದೆ. ನಾಲ್ಕನೆಯದೂ ಇದೆ. ಕೇಳಬೇಡಿ. ಹದಿನೈದು ಜನ ಹಲಗೆಯ ಮೇಲೆ, ಒಬ್ಬ ಅದರ ಅಡಿಯಲ್ಲಿ. ಇವರಲ್ಲಿ ಯಾರೊಬ್ಬರನ್ನೂ ಪೂರ್ಣವಿರಾಮದ ಮೇಲೆ ನಿಲ್ಲಿಸುವ ಧೈರ್ಯ ನನಗಿಲ್ಲ.

"ವಾಲಿ," ಎಂದ ತೆಲ್ಮೊ.

ಎವಾರಿಸ್ತೊ ಮುದುಕಿಯ ಹೆಗಲಿಗೆ ಹೆಗಲು ಕೊಟ್ಟು, ಎಲ್ಲರೊಡನೆ