ಕಮಲಾಕರನ ಜಪಾನಿ ಟ್ಯೂನು

ಶಿರಸಿಯ ಕಮಲಾಕರನ ಆರ್ಕೆಸ್ಟ್ರಾ ಎಲ್ಲಿ ವೇದಿಕೆ ಹತ್ತಿದರೂ ಮೊದಲು ಕೇಳಿಸುತ್ತಿದ್ದುದು ಹಾಡಲ್ಲ, ಅವನ ಗಿಟಾರಿನ ಒಂದು ಟ್ಯೂನು. ಕುದುರೆ ಓಡಿದ ಹಾಗೆ ಡ್ರಮ್ಸು, ಅದರ ಮೇಲೆ ಕಿರುಚುವ ಗಿಟಾರು. “ಇದು ನನ್ನ ಸ್ವಂತ ರಚನೆ” ಎಂದು ಮೈಕಿನಲ್ಲಿ ಹೇಳಿಯೇ ಅವನು ಶುರು ಮಾಡುತ್ತಿದ್ದ. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಅದನ್ನು ಕೇಳಿದರೆ ಸಾಕು, ಜನ ಕುರ್ಚಿ ಎಳೆದು ಕೂರುತ್ತಿದ್ದರು.

ಬೇಸ್ ಗಿಟಾರು ನುಡಿಸುತ್ತಿದ್ದ ಪ್ರಮೋದನಿಗೆ ಕಮಲಾಕರನನ್ನು ಕಂಡರಾಗುತ್ತಿರಲಿಲ್ಲ. ಇವನು ಸ್ವಲ್ಪ ತಾಳ ತಪ್ಪಿದರೂ ಕಮಲಾಕರ ಜನರೆದುರೇ “ಕಿವಿ ಮನೇಲಿಟ್ಟು ಬಂದ್ಯನಾ?” ಎನ್ನುತ್ತಿದ್ದ. ಡ್ರಮ್ಸ್ ಬಾರಿಸುತ್ತಿದ್ದ ಮಮತಾ ಪ್ರಮೋದನ ಹೆಂಡತಿ. ಆಗೆಲ್ಲ ಅವಳು ತಲೆ ಎತ್ತುತ್ತಿರಲಿಲ್ಲ.

೨೦೦೪ರ ಬೇಸಿಗೆಯಲ್ಲಿ ಮಮತಾಳ ಅಣ್ಣ ನಾಗಪತಿ ರಜೆಗೆ ಬಂದ. ಹಡಗಿನಲ್ಲಿ ಅಡುಗೆ ಕೆಲಸ ಅವನದು. ಜಪಾನಿನ ಕೋಬೆ ಬಂದರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಸೀಡಿಯೊಂದನ್ನು ಪ್ರಮೋದನಿಗೆ ಕೊಟ್ಟ. ಅರವತ್ತು, ಎಪ್ಪತ್ತರ ದಶಕದ ಜಪಾನಿ ರೌಡಿ ಸಿನಿಮಾಗಳ ಸಂಗೀತವಂತೆ. ಹರಿದ ಸ್ಪೀಕರಿನಿಂದ ಹೊರಟಂಥ ಒರಟು ಗಿಟಾರು, ಸೊಂಟ ಕುಣಿಸುವ ಬೇಸು, ನಡುನಡುವೆ ಜಗಳಕ್ಕೆ ಬಂದಂತೆ ನುಗ್ಗುವ ತುತ್ತೂರಿಗಳು. ಪ್ರಮೋದ ಊಟ ಮರೆತು ಕೇಳುತ್ತ ಕುಳಿತ. ಇಷ್ಟು ವರ್ಷ ತಾನು ನುಡಿಸಿದ್ದು ಸಂಗೀತವೇ ಅಲ್ಲ ಅನಿಸಿತು. ಅಷ್ಟರಲ್ಲಿ ಮಮತಾ ಅಡುಗೆಮನೆಯಿಂದ ಓಡಿಬಂದಳು.

“ಇದು ಕಮಲಾಕರಣ್ಣಂದು ಅಲ್ದನಾ?”

ಹೌದು. ಅದೇ ಟ್ಯೂನು. ಆದರೆ ಇನ್ನೂ ವೇಗ, ಇನ್ನೂ ಸಿಟ್ಟು.

ಮರುದಿನ ತಾಲೀಮಿನ ಕೋಣೆಯಲ್ಲಿ ಪ್ರಮೋದ ಅದನ್ನು ಹಾಕಿದ. ಕಮಲಾಕರ ಕೊನೆಯವರೆಗೂ ಕೇಳಿದ. ಮುಖದಲ್ಲಿ ನಾಚಿಕೆಯಿರಲಿಲ್ಲ.

“ಮುಂಬೈ ಥೇಟರಲ್ಲಿ ಈ ಸಿನಿಮಾದ ರೀಲು ಓಡಿಸ್ತಿದ್ದಾಗ ಕೇಳಿದ್ದೆ. ಬರೀ ಕಿವೀಲಿ ಹಿಡ್ಕಂಡು ಬಂದೆ. ನಿಂಗೆ ಸೀಡಿ ಕೈಯಲ್ಲಿದ್ರೂ ಬರೂದಿಲ್ಲ.”

“ಮತ್ತೆ ಸ್ವಂತದ್ದು ಅಂತ ಎಂತಕ್ಕೆ ಹೇಳ್ತೀರಿ?”

“ನಾಳೆನೂ ಹೇಳ್ತೆ. ನೀ ಎಂತ ಮಾಡ್ತೆ?”

ಕಾನಸೂರಿನ ಮದುವೆಯಲ್ಲಿ ಪ್ರಮೋದ ಮಾಡಿ ತೋರಿಸಿದ. ಕಮಲಾಕರನಿಗಿಂತ ಮೊದಲೇ ಮೈಕು ಹಿಡಿದು, “ಈಗ ಬರೂದು ಇವ್ರ ರಚನೆ ಅಲ್ಲ. ಜಪಾನಿ ಸಿನಿಮಾದಿಂದ ಕದ್ದಿದ್ದು” ಎಂದ.

“ಎಂತದಾದ್ರೂ ಆಗ್ಲಿ, ಶುರು ಮಾಡಿ ಮಾರಾಯ್ರೆ” ಎಂದ ಹೆಣ್ಣಿನ ಅಪ್ಪ.

ಕಮಲಾಕರ ಮೈಕು ಕಿತ್ತುಕೊಂಡು ಅದರಿಂದಲೇ ಪ್ರಮೋದನ ಬಾಯಿಗೆ ಹೊಡೆದ. ಆ ಏಟಿನ ಸದ್ದು ಸ್ಪೀಕರಿನಲ್ಲಿ ಗುಡುಗಿತು. ತುಟಿ ಒಡೆದ ಪ್ರಮೋದ ಅವನ ಕಾಲರಿಗೆ ಕೈ ಹಾಕಿದ. ಬಡಿಸುತ್ತಿದ್ದವರು ಬಂದು ಬಿಡಿಸಬೇಕಾಯಿತು.

ಪ್ರಮೋದ ಮಮತಾಳನ್ನೂ ಕರೆದುಕೊಂಡು ಬೇರೆ ತಂಡ ಕಟ್ಟಿದ. ಆ ಸೀಡಿಯ ಒಂದೊಂದು ತುಣುಕನ್ನೂ ಹುಡುಗರಿಗೆ ಕಲಿಸಿದ. ಯಲ್ಲಾಪುರದ ಗಣೇಶೋತ್ಸವದಲ್ಲಿ ಎರಡು ತುಣುಕು ಮುಗಿಯುವಷ್ಟರಲ್ಲಿ ಮಂಟಪದಿಂದ ಕೂಗು ಎದ್ದಿತು.

“ಕಮಲಾಕರನ ಟ್ಯೂನ್ ಹೊಡಿಯೋ!”

“ಅದು ಅವಂದಲ್ಲ! ಈಗ ನುಡ್ಸಿದ್ದೆಲ್ಲ ಅದರ ಅಣ್ಣತಮ್ಮಂದಿರೇ, ಕೇಳಿ!” ಎಂದು ಪ್ರಮೋದ ಮೈಕಿನಲ್ಲಿ ಕೂಗಿದ.

ನೀರಿನ ಬಾಟಲಿ ಬಂದು ಅವನ ಎದೆಗೆ ಬಡಿಯಿತು. ಹಿಂದೆ ಡ್ರಮ್ಸಿನಲ್ಲಿ ಕೂತಿದ್ದ ಮಮತಾ, “ಈ ಜನ್ರ ಮಟ್ಟಿಗೆ ಅದು ಅವಂದೇ. ನುಡ್ಸು, ಇಲ್ದಿದ್ರೆ ಹೊಡ್ತ ತಿಂತೆ” ಎಂದಳು.

ನುಡಿಸಿದ. ಸಿನಿಮಾದಲ್ಲಿ ಇದ್ದ ಹಾಗೆ, ಅದೇ ವೇಗದಲ್ಲಿ, ಒಂದು ಸ್ವರವೂ ತಪ್ಪದಂತೆ. ಮುಗಿದಾಗ ಮುಂದಿನ ಸಾಲಿನ ಮುದುಕನೊಬ್ಬ ಪಕ್ಕದವನಿಗೆ, “ಕಮಲಾಕರನಷ್ಟು ಚೊಲೋ ಬರ್ಲಿಲ್ಲ” ಎಂದದ್ದು ವೇದಿಕೆಗೂ ಕೇಳಿಸಿತು. ಪ್ರಮೋದ ಗಿಟಾರು ಕಳಚಿಟ್ಟು ಇಳಿದುಹೋದ.

ಮುಂದಿನ ಮದುವೆ ಸೀಸನ್ನಿಗೆ ಮಮತಾ ಕಮಲಾಕರನ ತಂಡಕ್ಕೆ ಮರಳಿದಳು. ಟ್ಯೂನು ಜಪಾನಿನದು ಎಂದು ಪ್ರತಿಸಲ ಮೈಕಿನಲ್ಲಿ ಹೇಳಬೇಕು ಎಂಬ ಷರತ್ತು ಹಾಕಿದ್ದಳು. ಮುಖ ಸಿಂಡರಿಸಿಕೊಂಡು ಅವನು ಒಪ್ಪಿದ್ದ.

“ಜಪಾನಿಂದು ಅಂತ ನಿಜವಾಗ್ಲೂ ಹೇಳ್ತಾ ಇದ್ದ” ಎಂದು ಅವಳು ಮನೆಯಲ್ಲಿ ಹೇಳಿದಾಗ ಪ್ರಮೋದ ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ನೀನೂ ಅವ್ನ ಕಡೆಯವ್ಳೇ” ಎಂದ.